ಚೇಳಮ್ಮನ ಹುಂಡಿಯೂ ಬಿಪಿ ಮಾತ್ರೆಯೂ

ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ. ಅಲ್ಲಿ ನೆಲದೊಳಗೆ ಕೊರೆದ ಹಳೆಯ ಹುಂಡಿಯಿದೆ. ಅದಕ್ಕೆ ಕಾಣಿಕೆ ಹಾಕಿದರೆ ಮನೆಯವರಿಗೆ ಚೇಳು ಕಡಿಯುವುದಿಲ್ಲ ಎಂಬುದು ಈ ಸೀಮೆಯ ನಂಬಿಕೆ. ಗುಡಿಯಲ್ಲಿ 11ನೇ ಶತಮಾನದ ಚೋಳರ ಶಾಸನಗಳಿವೆ.

ಚೇಳಿಗೆ ಯಾಕೆ ಒಬ್ಬ ದೇವತೆ ಬೇಕಾಯಿತು? ಕೋಲಾರದ ನೆಲವೇ ಉತ್ತರ ಹೇಳುತ್ತದೆ. ಅಂತರಗಂಗೆ ಬೆಟ್ಟದ ಬಂಡೆಗಳು, ಹೊಲದ ಬದುವಿನ ಕಲ್ಲುಗುಪ್ಪೆ, ಹೆಂಚಿನ ಮನೆ, ಹಿತ್ತಲಿನ ಸೌದೆ. ಚೇಳು ಅಡಗುವುದು ಇಂಥ ಕಡೆಯೇ. ಬರಿಗಾಲಲ್ಲಿ ಓಡಾಡುವ ಮಂದಿ, ರಾತ್ರಿ ದೀಪವಿಲ್ಲ. ಕಡಿದರೆ ಮದ್ದೂ ಇಲ್ಲ. ದೊಡ್ಡವರು ಬದುಕುತ್ತಿದ್ದರು, ಅದೇ ಮನೆಯ ಮಗು ಬೆಳಗಾಗುವುದರೊಳಗೆ ಸಾಯುತ್ತಿತ್ತು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಇಂಥ ಭಯಕ್ಕೆ ಹರಕೆ ಬಿಟ್ಟರೆ ಬೇರೆ ಏನಿತ್ತು?

ಮಂತ್ರ ಹಾಕಿ ವಿಷ ಇಳಿಸುವವರೂ ಇದ್ದರು. ಎಷ್ಟೋ ಸಲ ವಿಷ ಇಳಿದಂತೆ ಕಾಣುತ್ತಿತ್ತು ಕೂಡ. ದೊಡ್ಡ ಕರಿಚೇಳು ನೋಡಲು ಭಯಂಕರ, ಆದರೆ ಅದರ ವಿಷ ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ. ಉರಿ, ಬಾವು ಬಂದು, ಕೆಲವು ಗಂಟೆಗಳಲ್ಲಿ ನೋವು ತಾನಾಗಿ ಇಳಿಯುತ್ತದೆ. ಮಂತ್ರ ಹಾಕದಿದ್ದರೂ ಇಳಿಯುತ್ತಿತ್ತು. ಜೀವಕ್ಕೆ ಕುತ್ತು ತರುವುದು ಚಿಕ್ಕ ಕೆಂಪು ಚೇಳು. ಅದು ಕಡಿದಾಗ ಮಂತ್ರ ಸೋಲುತ್ತಿತ್ತು. ಸೋತಾಗ ‘ಹಣೆಬರಹ’ ಎನ್ನುತ್ತಿದ್ದರು. ಗೆದ್ದದ್ದಷ್ಟೇ ಊರಿನ ನೆನಪಲ್ಲಿ ಉಳಿಯುತ್ತಿತ್ತು. ಜನ ದಡ್ಡರು ಅಂತ ಇದಕ್ಕೆ ಹೇಳುವುದು ತಪ್ಪು. ಕಣ್ಣಿಗೆ ಕಂಡದ್ದನ್ನೇ ಅವರು ನಂಬಿದ್ದರು.

ಕೆಂಪು ಚೇಳಿನ ವಿಷ ನರಗಳನ್ನು ಕೆರಳಿಸುತ್ತದೆ. ಅಡ್ರಿನಲಿನ್ ಥರದ ರಾಸಾಯನಿಕಗಳು ಒಮ್ಮೆಲೇ ರಕ್ತಕ್ಕೆ ನುಗ್ಗುತ್ತವೆ. ಮೈ ಬೆವರುತ್ತದೆ, ವಾಂತಿ ಬರುತ್ತದೆ, ಕೈಕಾಲು ತಣ್ಣಗಾಗುತ್ತವೆ. ರಕ್ತನಾಳಗಳು ಬಿಗಿದು ಬಿಪಿ ಏರುತ್ತದೆ, ಹೃದಯ ಸೋಲುತ್ತದೆ. ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಇದಕ್ಕೆ ದಾರಿ ಕಂಡದ್ದು ದೊಡ್ಡ ನಗರದ ಲ್ಯಾಬಿನಲ್ಲಲ್ಲ. ಮಹಾರಾಷ್ಟ್ರದ ಕೊಂಕಣದಲ್ಲಿ ಮಹಾಡ್ ಎಂಬ ಊರಿದೆ. ಆ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಡಾ. ಹಿಮ್ಮತ್‌ರಾವ್ ಬಾವಸ್ಕರ್, ಚೇಳು ಕಡಿದವರ ಪಕ್ಕದಲ್ಲೇ ಕೂತು ಒಂದೊಂದು ಲಕ್ಷಣವನ್ನೂ ಬರೆದಿಟ್ಟರು. ಬಿಪಿಗೆ ಕೊಡುವ ಪ್ರಾಜೋಸಿನ್ ಎಂಬ ಮಾತ್ರೆ ಬಿಗಿದ ರಕ್ತನಾಳಗಳನ್ನು ಸಡಿಲಿಸುತ್ತದೆ ಅಲ್ವಾ, ಇಲ್ಲೂ ಅದನ್ನೇ ಕೊಟ್ಟು ನೋಡಿದರು. 1986ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದರ ವರದಿ ಬಂತು. ಮೊದಲು, ವಿಷ ಮೈಗೆಲ್ಲ ಏರಿದವರಲ್ಲಿ ಹತ್ತಕ್ಕೆ ಮೂರು ನಾಲ್ಕು ಮಂದಿ ಸಾಯುತ್ತಿದ್ದರು. ಈ ಮಾತ್ರೆ ಬಂದ ಮೇಲೆ ಅದು ನೂರಕ್ಕೆ ಒಬ್ಬರ ಹತ್ತಿರಕ್ಕೆ ಇಳಿಯಿತು. 2011ರಲ್ಲಿ ಅವರೇ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಮಾತ್ರೆಯ ಜೊತೆ ಚೇಳಿನ ವಿಷಕ್ಕೆ ಪ್ರತಿವಿಷವನ್ನೂ ಕೊಟ್ಟರೆ ರೋಗಿ ಇನ್ನೂ ಬೇಗ ಚೇತರಿಸಿಕೊಳ್ಳುತ್ತಾನೆ ಎಂದು ಅದು ತೋರಿಸಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು.

ಹಾಗಂತ ಚೇಳಮ್ಮನ ಮುಂದೆ ಕೈಮುಗಿಯುವುದು ನಿಂತಿಲ್ಲ. ನಿಲ್ಲಬೇಕು ಅಂತ ನಾನು ಹೇಳುವುದೂ ಇಲ್ಲ. ಸಿಡುಬು 1975ರಲ್ಲೇ ದೇಶ ಬಿಟ್ಟಿತು, ಮಾರಮ್ಮನ ಜಾತ್ರೆ ಇನ್ನೂ ನಡೆಯುತ್ತಿದೆ. ಬದಲಾಗಿರುವುದು ಬೇಡಿಕೆ. ಮೊದಲು ಜೀವ ಉಳಿಸು ತಾಯಿ ಅನ್ನುವುದೊಂದೇ ಇತ್ತು. ಈಗ ಮಗುವನ್ನು ಎತ್ತಿಕೊಂಡು ಓಡುವ ಅಮ್ಮ ಬೇಡುವುದು, ಡಾಕ್ಟರು ಇರಲಿ, ಗಾಡಿ ಬೇಗ ಸಿಗಲಿ ಅಂತ. ವಾರ್ಡಿನ ಹೊರಗೆ ಸುಮ್ನೆ ಕೂರಲಾಗದ ಹೊತ್ತಿಗೂ ಪ್ರಾರ್ಥನೆ ಬೇಕಾಗುತ್ತದೆ. ಆ ಹೊತ್ತಿಗೆ ಯಾವ ಮಾತ್ರೆಯೂ ಇಲ್ಲ.

ನನಗೆ ಸಂಕಟವಾಗುವುದು ತಡ ಮಾಡಿದಾಗ ಮಾತ್ರ. ಮಂತ್ರದವರ ಮನೆಯಲ್ಲಿ ಕಳೆದ ಒಂದೆರಡು ಗಂಟೆಯೇ ಮಗುವಿನ ಜೀವಕ್ಕೆ ಮುಳುವಾಗಬಹುದು. ಬೆವರು, ವಾಂತಿ, ತಣ್ಣನೆ ಕೈಕಾಲು ಕಂಡರೆ 108ಕ್ಕೆ ಫೋನ್ ಮಾಡಿ. ಹರಕೆಯನ್ನು ದಾರಿಯಲ್ಲೇ ಹೊತ್ತುಕೊಳ್ಳಬಹುದು.