ಮನೆಯಲ್ಲಿ ಕುರಿ ಇದಾವಾ?

ಚಳ್ಳಕೆರೆ ಕಡೆಯ ಹುಡುಗನೊಬ್ಬ ಒಂದು ಸಂಜೆ ನನಗೆ ಫೋನ್ ಮಾಡಿದ. ಹೊರರಾಜ್ಯದ ದೊಡ್ಡ ಲ್ಯಾಬೊಂದರಲ್ಲಿ ಇಂಟರ್‌ವ್ಯೂ ಮುಗಿಸಿ ಬಂದಿದ್ದ. ದನಿಯಲ್ಲಿ ಸಿಟ್ಟಿತ್ತು. "ಮೇಡಂ, ಓದಿದ್ದರ ಬಗ್ಗೆ ಎರಡೇ ಪ್ರಶ್ನೆ. ಆಮೇಲೆ ಮನೆಯಲ್ಲಿ ಕುರಿ ಇದಾವಾ ಅಂದ್ರು. ಇವೆ ಅಂದೆ. ಎಷ್ಟು, ಯಾರು ಮೇಯಿಸ್ತಾರೆ, ನೀನೂ ಹಟ್ಟಿಗೆ ಹೋಗ್ತೀಯಾ ಅಂತ ಶುರು ಮಾಡಿದ್ರು. ಹಳ್ಳಿಯವನು ಅಂತ ಆಡಿಕೊಂಡ್ರಾ?"

ನನಗೆ ನಗು ಬಂತು. ಅವನು ಹೋಗಿದ್ದು ಕಾಲುಬಾಯಿ ರೋಗದ ವೈರಸ್ ಇಟ್ಟುಕೊಂಡು ಕೆಲಸ ಮಾಡುವ ಲ್ಯಾಬಿಗೆ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಆ ವೈರಸ್ ಮನುಷ್ಯರಿಗೆ ಏನೂ ಮಾಡುವುದಿಲ್ಲ ಅಂದರೂ ನಡೆಯುತ್ತದೆ. ಆದರೆ ನಮ್ಮ ಮೂಗು, ಗಂಟಲಲ್ಲಿ ಒಂದು ದಿನದ ಮಟ್ಟಿಗೆ ಕೂತು ಸವಾರಿ ಮಾಡಬಲ್ಲದು. ಹಾಗಾಗಿ ಒಳಗಿಂದ ಬಂದವರು ತಲೆ ತೊಳೆದು ಸ್ನಾನ ಮಾಡಿದರೂ ಸಾಲದು. ದನ, ಕುರಿ, ಮೇಕೆ, ಹಂದಿ ಇರುವ ಕಡೆ ಇಷ್ಟು ದಿನ ಕಾಲಿಡುವ ಹಾಗಿಲ್ಲ ಎಂದು ಬರೆಸಿಕೊಳ್ಳುತ್ತಾರೆ. ಕೆಲವು ಕಡೆ ಮೂರು ದಿನ, ಕೆಲವು ಕಡೆ ಒಂದು ವಾರ. ಪ್ರತಿ ಸಂಜೆ ಹಟ್ಟಿಗೆ ಮರಳುವವನಿಗೆ ಆ ಕೆಲಸ ಆಗುವುದಿಲ್ಲ. ಅವನ ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ.

ದಾವಣಗೆರೆಯಲ್ಲಿ ನನ್ನ ಹತ್ತಿರ ಕಲಿಯಲು ಬರುವವರು ಕೇಳುವುದು ಬೇರೆಯೇ. "ಮೇಡಂ, ಬಿಎಸ್‌ಎಲ್-3 ಒಳಗೆ ಹೋಗೋಕೆ ಯಾವ ಸರ್ಟಿಫಿಕೇಟ್ ಬೇಕು?" ಬಿಎಸ್‌ಎಲ್ ಅಂದರೆ ಲ್ಯಾಬಿನ ಜೈವಿಕ ಸುರಕ್ಷತೆಯ ಹಂತ. ಡ್ರೈವಿಂಗ್ ಲೈಸೆನ್ಸ್ ಥರ ಒಂದು ಕಾರ್ಡ್ ಸಿಗುತ್ತದೆ, ಅದನ್ನು ತೋರಿಸಿದರೆ ಎಲ್ಲಾ ಕಡೆ ಬಿಡುತ್ತಾರೆ ಅಂತ ಅವರ ಲೆಕ್ಕ. ಅಂಥದ್ದು ಇಲ್ಲ. ಅನುಮತಿ ಸಿಗುವುದು ಒಂದು ಕೋಣೆಗೆ, ಒಂದು ರೋಗಾಣುವಿಗೆ, ಒಂದು ಕೆಲಸಕ್ಕೆ. ಟಿಬಿ ಕೋಣೆಯಲ್ಲಿ ಐದು ವರ್ಷ ದುಡಿದವರೂ ಪಕ್ಕದ ಕೋಣೆಗೆ ಹೋಗಬೇಕಾದರೆ ಮತ್ತೆ ಮೊದಲಿಂದ ಕಲಿಯಬೇಕು.

ಹಂತಗಳು ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಒಟ್ಟು ನಾಲ್ಕು. ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ರಕ್ತ, ಕಫ ಪರೀಕ್ಷೆ ಮಾಡುವ ಲ್ಯಾಬ್ ಸಾಮಾನ್ಯವಾಗಿ ಎರಡನೆಯದು. ಉಸಿರಿನ ಮೂಲಕ ಹರಡಿ ಜೀವಕ್ಕೆ ಕುತ್ತು ತರುವ ರೋಗಾಣುಗಳನ್ನು ಬೆಳೆಸಲು ಮೂರನೆಯದು ಬೇಕು. ಸಾಮಾನ್ಯವಾಗಿ ಮದ್ದು, ಲಸಿಕೆ ಇಲ್ಲದ ಮಾರಿಗಳಿಗೆ ನಾಲ್ಕನೆಯದು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಪಾಷಾಣ್‌ನಲ್ಲಿ ಅಂಥದ್ದನ್ನು ಶುರು ಮಾಡಿದ್ದು 2012ರಲ್ಲಿ. ಇದೆಲ್ಲ ದೂರದ ಮಾತು ಅನ್ನಿಸಿದರೆ ಪಕ್ಕದ ಸೊರಬ ತಾಲ್ಲೂಕನ್ನು ನೆನೆಸಿಕೊಳ್ಳಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವಂಥದ್ದು. ಆದರೆ ಆ ವೈರಸ್ ಮೇಲೆ ಕೆಲಸ ಮಾಡುವಾಗ ಲ್ಯಾಬಿನೊಳಗೇ ಜ್ವರ ಹತ್ತಿಸಿಕೊಂಡವರು ನೂರಕ್ಕೂ ಜಾಸ್ತಿ. ಅವರನ್ನು ಕಾಡಿನಲ್ಲಿ ಯಾವ ಉಣ್ಣೆಯೂ ಕಚ್ಚಿರಲಿಲ್ಲ.

ಕಾಗದಪತ್ರದ ಕೆಲಸ ಬೇಸರದ್ದು, ಬೇಗ ಮುಗಿಸುತ್ತೇನೆ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ನಿಮ್ಮ ಕೆಲಸವನ್ನು ಓದಿ ಒಪ್ಪಬೇಕು. ಈ ಸಮಿತಿ ಕೇಂದ್ರ ಸರ್ಕಾರದ 1989ರ ನಿಯಮಗಳಿಂದ ಬಂದದ್ದು. ಗುರುತಿನ ಚೀಟಿ, ಹಿನ್ನೆಲೆ ವಿಚಾರಣೆ, ಸಹಿಗಳು ಇರುತ್ತವೆ. ಸಹಿ ಹಾಕುವ ಮುಂಚೆ ಓದಿ, ಅಷ್ಟೆ.

ಆಮೇಲೆ ಮೈಯ ಸರದಿ. ಮೊದಲ ದಿನವೇ ನಿಮ್ಮ ರಕ್ತ ತೆಗೆದು ಅದರ ತಿಳಿ ದ್ರವವನ್ನು, ಅಂದರೆ ಸೀರಂ, ಬೇರ್ಪಡಿಸಿ ಫ್ರೀಜರಿನಲ್ಲಿ ಇಟ್ಟುಬಿಡುತ್ತಾರೆ. ಯಾವ ಪರೀಕ್ಷೆಯನ್ನೂ ಮಾಡುವುದಿಲ್ಲ, ಸುಮ್ನೆ ಇಡುತ್ತಾರೆ. ಮುಂದೆ ನಿಮಗೇನಾದರೂ ಆದರೆ ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಲು. ನಮ್ಮ ಕಡೆಯವರಿಗೆ ಇದು ತುಂಬಾ ಮುಖ್ಯ. ಕುರಿ, ದನಗಳು ಕಂದು ಹಾಕುವ ಬ್ರುಸೆಲ್ಲಾ ರೋಗ ಹಟ್ಟಿಯಿಂದಲೇ ಬಂದಿರಬಹುದು. ಅಲ್ಲಿಂದ ಬಂತಾ, ಲ್ಯಾಬಿನಲ್ಲಿ ಬಂತಾ ಅಂತ ಹೇಳುವ ಸಾಕ್ಷಿ ಆ ಸೀರಂ ಒಂದೇ. ಲಸಿಕೆ ಇರುವ ರೋಗಕ್ಕೆ ಲಸಿಕೆ ಕೊಡುತ್ತಾರೆ. ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಮಾತ್ರೆ, ಬಸಿರು, ಇವನ್ನು ಕೇಳುತ್ತಾರೆ. ಇವನ್ನು ವೈದ್ಯರು ಒಬ್ಬರೇ ಕೇಳಬೇಕು, ಮುಚ್ಚಿದ ಬಾಗಿಲ ಹಿಂದೆ. ಹತ್ತು ಜನರ ಮುಂದೆ ಫಾರಂ ತುಂಬಿಸಿದರೆ ಯಾವ ಹುಡುಗಿ ನಿಜ ಬರೆಯುತ್ತಾಳೆ?

ಮಾಸ್ಕ್ ಪರೀಕ್ಷೆಯಲ್ಲಿ ಬಿದ್ದುಹೋಗುವವರೇ ಜಾಸ್ತಿ. ಕೋವಿಡ್ ಕಾಲದಲ್ಲಿ ಎಲ್ಲರೂ ಎನ್95 ಹಾಕಿದ್ದೆವು, ಸರಿ. ಅದು ನಮ್ಮ ಮುಖಕ್ಕೆ ಕೂತಿತ್ತಾ ಅಂತ ಯಾರು ನೋಡಿದರು? ಇಲ್ಲಿ ನೋಡುತ್ತಾರೆ. ಮಾಸ್ಕ್ ಹಾಕಿಸಿ, ತಲೆಯ ಮೇಲೆ ಚೀಲದಂಥ ಹುಡ್ ಇಳಿಸಿ, ಒಳಗೆ ಕಹಿ ದ್ರಾವಣ ಸಿಂಪಡಿಸುತ್ತಾರೆ. ತಲೆ ಆಡಿಸು, ಬಗ್ಗು, ಜೋರಾಗಿ ಓದು ಅನ್ನುತ್ತಾರೆ. ನಾಲಿಗೆಗೆ ಕಹಿ ಹತ್ತಿತೋ, ಆ ಮಾಸ್ಕ್ ನಿಮ್ಮದಲ್ಲ. ಬೇರೆ ಅಳತೆಯದನ್ನು ಹುಡುಕಬೇಕು. ವರ್ಷಕ್ಕೊಮ್ಮೆ ಇದೇ ಕಥೆ.

ಗಡ್ಡ ಇದ್ದರೆ ಮಾಸ್ಕ್ ಅಂಚಿಗೂ ಚರ್ಮಕ್ಕೂ ನಡುವೆ ಗಾಳಿ ನುಗ್ಗುತ್ತದೆ. ಪ್ರತಿ ಕಾರ್ತಿಕದಲ್ಲಿ ಅಯ್ಯಪ್ಪ ಮಾಲೆ ಹಾಕಿದ ಒಬ್ಬರೋ ಇಬ್ಬರೋ ನನ್ನ ಮುಂದೆ ತಲೆ ಕೆರೆಯುತ್ತಾ ನಿಲ್ಲುತ್ತಾರೆ. 41 ದಿನ ಕತ್ತರಿ ಮುಟ್ಟಿಸುವಂತಿಲ್ಲ. ಅದಕ್ಕೆ ದಾರಿ ಎರಡು. ಬ್ಯಾಟರಿಯಿಂದ ಗಾಳಿ ಸೋಸಿ ಕೊಡುವ, ತಲೆಪೂರ್ತಿ ಮುಚ್ಚುವ ಸಾಧನ ಇದ್ದರೆ ಅದು. ಇಲ್ಲದಿದ್ದರೆ 41 ದಿನ ಹೊರಗೆ ಕೂತು ಲೆಕ್ಕ ಬರೆಯುವುದು. ವ್ರತವನ್ನೂ ಲ್ಯಾಬನ್ನೂ ಜಗಳಕ್ಕೆ ಬಿಡುವ ಅಗತ್ಯ ನನಗೆ ಇವತ್ತಿನವರೆಗೆ ಬಂದಿಲ್ಲ.

ಉಂಗುರ, ಬಳೆ, ವಾಚು, ಫೋನ್ ಹೊರಗೇ. ಬರೆದ ಹಾಳೆ ಕೂಡ ವಾಪಸ್ ಬರುವುದಿಲ್ಲ. ಒಳಗಿನ ಕಂಪ್ಯೂಟರಿನಿಂದ ಕಳಿಸಬೇಕು, ಹಾಳೆ ಆಟೊಕ್ಲೇವ್ ಎಂಬ ದೊಡ್ಡ ಕುಕ್ಕರಿನಂಥ ಯಂತ್ರದ ಹಬೆಯಲ್ಲಿ 121 ಡಿಗ್ರಿಯಲ್ಲಿ ಬೇಯುತ್ತದೆ. ಸ್ನಾನ ಮಾಡಿಯೇ ಹೊರಬರಬೇಕಾದ ಲ್ಯಾಬುಗಳಲ್ಲಿ ಮೈಮೇಲಿನ ಒಳಬಟ್ಟೆಯೂ ನಿಮ್ಮದಲ್ಲ. ತಾಳಿ, ಶಿವದಾರ, ಇಷ್ಟಲಿಂಗದ ಕರಡಿಗೆ? ನಮ್ಮ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ. ನನ್ನ ಗುಂಪಿನಲ್ಲಿ ಒಬ್ಬಳು ಬೆಳಗಿನ ಪೂಜೆ ಮುಗಿಸಿ, ಕರಡಿಗೆಯನ್ನು ಬೀಗ ಹಾಕುವ ಕಪಾಟಿನಲ್ಲಿಟ್ಟು ಹೋಗುತ್ತಿದ್ದಳು. ಇನ್ನೊಬ್ಬ ಆಗುವುದಿಲ್ಲ ಅಂದ, ಎರಡನೇ ಹಂತದ ಲ್ಯಾಬಿನಲ್ಲೇ ಉಳಿದ. ಇಬ್ಬರದೂ ಸರಿ. ಬಾಗಿಲ ಹತ್ತಿರ ಬಂದ ಮೇಲೆ ಕದ್ದು ಹಾಕಿಕೊಂಡು ಹೋಗುವುದು ಮಾತ್ರ ತಪ್ಪು.

ಕೋಣೆಯ ಗಾಳಿ ಸದಾ ಒಳಮುಖ. ಬಾಗಿಲು ತೆರೆದರೆ ಹೊರಗಿನ ಗಾಳಿ ಒಳಗೆ ಹೋಗಬೇಕೇ ಹೊರತು ಒಳಗಿನದು ಹೊರಗೆ ಬರಬಾರದು. ಎರಡು ಬಾಗಿಲು ಒಟ್ಟಿಗೆ ತೆರೆಯುವುದಿಲ್ಲ. ಹೋಗುವ ಮುಂಚೆ ಗೋಡೆಯಲ್ಲಿರುವ ಗಾಳಿ ಒತ್ತಡದ ಮೀಟರ್ ನೋಡುವ ಅಭ್ಯಾಸ ಕಣ್ಣಿಗೆ ಅಂಟಬೇಕು. ಮೀಟರ್ ಸರಿ ಇಲ್ಲದಿದ್ದರೆ ಡೈರೆಕ್ಟರಿಗೂ ಪ್ರವೇಶ ಇಲ್ಲ. ಕಸ ಗುಡಿಸುವವರಿಗೂ, ಎಸಿ ರಿಪೇರಿಯವರಿಗೂ ತರಬೇತಿ ಬೇಕು. ದೊಡ್ಡ ರಿಪೇರಿ ಇದ್ದರೆ ಕೋಣೆಯನ್ನೇ ಪೂರ್ತಿ ಶುದ್ಧಿ ಮಾಡಿ ಅವರನ್ನು ಬಿಡುತ್ತಾರೆ.

ಇದನ್ನು ಜನ ಹಗುರ ಮಾಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. 2007ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಪಿರ್‌ಬ್ರೈಟ್‌ನಲ್ಲಿ ಕಾಲುಬಾಯಿ ವೈರಸ್ ತಪ್ಪಿಸಿಕೊಂಡಿತು. ಯಾರ ಮೂಗಿನಲ್ಲೂ ಅಲ್ಲ, ಸೋರುತ್ತಿದ್ದ ಹಳೆಯ ಒಳಚರಂಡಿ ಪೈಪಿನಿಂದ. ಮಣ್ಣಿಗೆ ಇಳಿದದ್ದು ಅಲ್ಲಿ ಓಡಾಡಿದ ವಾಹನಗಳ ಚಕ್ರಕ್ಕೆ ಅಂಟಿ ಹೊಲದ ದನಗಳಿಗೆ ತಲುಪಿರಬೇಕು ಎಂದು ತನಿಖೆ ಹೇಳಿತು. ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಇತ್ತಲ್ಲ.

ತರಬೇತಿಯಲ್ಲಿ ಮೊದಲ ಎಷ್ಟೋ ದಿನ ರೋಗಾಣುವೇ ಇರುವುದಿಲ್ಲ. ಖಾಲಿ ಕೋಣೆಯಲ್ಲಿ ನೀರು ಇಟ್ಟುಕೊಂಡು ಆಟ. ಗ್ಲೌಸಿಗೆ ಕಣ್ಣಿಗೆ ಕಾಣದ ಪುಡಿ ಹಚ್ಚಿ, ಎಲ್ಲಾ ಕಳಚಿಸಿ, ದೀಪ ಆರಿಸಿ ನೀಲಿ ಬೆಳಕು ಬಿಡುತ್ತಾರೆ. ಕತ್ತಿನ ಹಿಂದೆ, ಕಿವಿಯ ಮೇಲೆ, ಮಣಿಕಟ್ಟಿನಲ್ಲಿ ಪುಡಿ ಹೊಳೆಯುತ್ತದೆ. ಉಡುಪು ಹಾಕುವುದು ಸುಲಭ, ಬಿಚ್ಚುವುದು ಕಷ್ಟ ಅಂತ ಆಗ ಗೊತ್ತಾಗುತ್ತದೆ. ಒಬ್ಬರೇ ಹೋಗಲು ಬಿಡುವುದಕ್ಕೆ ಮುಂಚೆ ಹಳಬರ ಜೊತೆ ಎಷ್ಟೋ ಸಲ ಹೋಗಿ ಬರಬೇಕು.

ಇಷ್ಟೆಲ್ಲ ಪಾಸಾದ ಮೇಲೂ ನನ್ನ ಅನುಮತಿ ಒಮ್ಮೆ ಹೋಗಿತ್ತು. ಆಗಿನ್ನೂ ಮೊದಲ ವರ್ಷ, ಯಾವ ಲ್ಯಾಬ್ ಅಂತ ಬೇಡ. ಕೆಲಸ ಮುಗಿಸಿ ನೋಡಿದರೆ ಹೊರಗಿನ ಗ್ಲೌಸಿನ ಹೆಬ್ಬೆರಳಲ್ಲಿ ಸಣ್ಣ ತೂತು. ಒಳಗಿನದು ಸರಿ ಇದ್ದ ಹಾಗಿತ್ತು. "ಸುಮ್ನಿರು, ಹೇಳಿದ್ರೆ ಮೂರು ವಾರ ಒಳಗೆ ಬಿಡಲ್ಲ, ನಿನ್ನ ಕೆಲಸ ನಿಲ್ಲುತ್ತೆ" ಅಂದರು ಹಿರಿಯರೊಬ್ಬರು. ಸುಮ್ಮನಿದ್ದೆ. ಮೂರನೇ ದಿನ ಮೈ ಬಿಸಿಯಾಯಿತು. ಆ ರಾತ್ರಿ ನಿದ್ದೆ ಇಲ್ಲ. ಮನೆಯಲ್ಲಿ ಅತ್ತೆ, ಚಿಕ್ಕ ಮಗು. ಬೆಳಿಗ್ಗೆ ಹೋಗಿ ಎಲ್ಲಾ ಹೇಳಿದೆ. ಫ್ರೀಜರಿನಲ್ಲಿದ್ದ ಹಳೆಯ ಸೀರಂ ತೆಗೆದು ಹೊಸದರ ಜೊತೆ ನೋಡಿದರು, ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಿದರು. ಏನೂ ಇರಲಿಲ್ಲ. ಮಾಮೂಲಿ ನೆಗಡಿ ಜ್ವರ.

ಸುರಕ್ಷತಾ ಅಧಿಕಾರಿ ಗ್ಲೌಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಗ್ಲೌಸ್ ಹರಿಯುತ್ತದೆ, ಅದಕ್ಕೇ ಎರಡು ಹಾಕುವುದು ಅಂದರು. ನಾನು ಬಾಯಿ ಬಿಡದ ಆ ದಿನಗಳಿಗಾಗಿ ಆರು ತಿಂಗಳು ಬಾಗಿಲು ಮುಚ್ಚಿದರು. ಆಗ ಅತ್ತಿದ್ದೆ. ಈಗ ಆ ಕುರ್ಚಿಯಲ್ಲಿ ನಾನು ಕೂತಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಆ ಹಿರಿಯರನ್ನೂ ಜೊತೆಗೆ ಹೊರಗೆ ಕೂರಿಸುತ್ತಿದ್ದೆ, ಅದು ಆಗಲಿಲ್ಲ. ಹೊಸಬರ ಬಾಯಿ ಮುಚ್ಚಿಸುವವರು ಇರುವ ಲ್ಯಾಬಿನಲ್ಲಿ ಫಿಲ್ಟರ್ ಎಷ್ಟು ಚೆನ್ನಾಗಿದ್ದರೇನು?

ಅದಕ್ಕೇ ಇಂಟರ್‌ವ್ಯೂನಲ್ಲಿ ನಾನು ಕೇಳುವ ಪ್ರಶ್ನೆ ಒಂದಿದೆ. "ನೀನು ಮಾಡಿದ, ಯಾರಿಗೂ ಗೊತ್ತಾಗದ ಒಂದು ತಪ್ಪು ಹೇಳು." ಏನೂ ಮಾಡಿಲ್ಲ ಅನ್ನುವವರ ಹೆಸರಿನ ಮುಂದೆ ನಾನು ಗೆರೆ ಎಳೆಯುತ್ತೇನೆ. ಕೆಲವರಿಗೆ ಇದು ಅನ್ಯಾಯ ಅನ್ನಿಸಬಹುದು, ಅನ್ನಿಸಲಿ.

ಚಳ್ಳಕೆರೆಯ ಹುಡುಗನಿಗೆ ಕೆಲಸ ಸಿಕ್ಕಿತು. ಕುರಿ ಎಷ್ಟಿವೆ ಅಂತ ಮರೆಮಾಚದೆ ಹೇಳಿದ್ದ, ಅಪ್ಪ-ತಮ್ಮ ನೋಡಿಕೊಳ್ಳುತ್ತಾರೆ ಅಂತಲೂ ಹೇಳಿದ್ದ. ಅವನ ಲ್ಯಾಬಿನಲ್ಲಿ ಐದು ದಿನದ ನಿಯಮ. ಈ ದೀಪಾವಳಿಗೆ ರಜೆ ಹಾಕಿ ಬಂದವನು ನೇರ ಊರಿಗೆ ಹೋಗಲಿಲ್ಲ. ದಾವಣಗೆರೆಯಲ್ಲಿ ಅಕ್ಕನ ಮನೆಯಲ್ಲಿ ಉಳಿದ. ಸಂಜೆ ಸಿಕ್ಕಾಗ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಫೋನಿನಲ್ಲಿ ತಮ್ಮ ಕಳಿಸಿದ ಫೋಟೊ ತೋರಿಸಿದ, ಹೊಸದಾಗಿ ಹುಟ್ಟಿದ ಎರಡು ಮರಿ.

"ಇವತ್ತಿಗೆ ಎಷ್ಟು ದಿನ?" ಅಂದೆ.

"ಮೂರು, ಮೇಡಂ. ಶುಕ್ರವಾರ ಬೆಳಿಗ್ಗೆ ಬಸ್ಸು."