ರೋಗಿಯ ಕಡೆಯವರು ಇಲ್ಲದ ವಾರ್ಡು

ಕೋವಿಡ್ ಕಾಲದಲ್ಲಿ ನರ್ಸುಗಳು ಯಾಕೆ ಅಷ್ಟು ಸುಸ್ತಾದರು ಎಂದು ಕೇಳಿದರೆ ಪಿಪಿಇ ಕಿಟ್, ಸೋಂಕಿನ ಭಯ, ನೈಟ್ ಡ್ಯೂಟಿ ಎಂಬ ಉತ್ತರ ಬರುತ್ತದೆ. ಅವೆಲ್ಲ ನಿಜವೇ. ಆದರೆ ವಾರ್ಡುಗಳಿಗೆ ಡ್ಯೂಟಿ ಪಟ್ಟಿ ಹಾಕುವ ನನ್ನಂಥವರಿಗೆ ಎದ್ದು ಕಂಡ ಕಾರಣ ಇನ್ನೊಂದಿದೆ: ರೋಗಿಯ ಕಡೆಯವರು ಒಳಗಿರಲಿಲ್ಲ.

ಸರ್ಕಾರಿ ಇರಲಿ, ಖಾಸಗಿ ಇರಲಿ, ನಮ್ಮ ವಾರ್ಡುಗಳು ಅರ್ಧ ನಡೆಯುವುದೇ ಅವರಿಂದ. ಗಂಜಿ ಕುಡಿಸುವುದು, ಬೆಡ್‌ಪ್ಯಾನ್ ಇಡುವುದು, ಮಗ್ಗುಲು ಬದಲಿಸುವುದು, ‘ಸಿಸ್ಟರ್, ಬಾಟ್ಲಿ ಖಾಲಿ ಆಯ್ತು’ ಎಂದು ಓಡಿ ಬರುವುದು ಎಲ್ಲವೂ ಮಗಳೋ ಸೊಸೆಯೋ ತಮ್ಮನೋ ಮಾಡುವ ಕೆಲಸ. ಭಾರತೀಯ ನರ್ಸಿಂಗ್ ಕೌನ್ಸಿಲ್ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ 3 ರೋಗಿಗಳಿಗೊಬ್ಬರು, ಉಳಿದ ಆಸ್ಪತ್ರೆಗಳಲ್ಲಿ 5ಕ್ಕೊಬ್ಬರು, ಐಸಿಯುನಲ್ಲಿ ಹಾಸಿಗೆಗೊಬ್ಬರು ನರ್ಸ್ ಇರಬೇಕು. ಹಾಗಿರುವ ವಾರ್ಡನ್ನು ಹುಡುಕಿಕೊಂಡು ಹೋಗಬೇಕು, ಬಿಡಿ. ಒಬ್ಬ ಸಿಸ್ಟರ್ 20 ಹಾಸಿಗೆ ನೋಡಿಕೊಂಡರೂ ವಾರ್ಡು ನಡೆಯುತ್ತಿತ್ತು, ಏಕೆಂದರೆ ಉಳಿದದ್ದನ್ನು ಮನೆಯವರು ಮಾಡುತ್ತಿದ್ದರು. 2020ರ ಮಾರ್ಚ್ ನಂತರ ಕೋವಿಡ್ ವಾರ್ಡುಗಳಿಂದ ಅವರನ್ನು ಹೊರಗಿಟ್ಟೆವು. ಅವರ ಕೆಲಸ ಮಾತ್ರ ಒಳಗೇ ಉಳಿಯಿತು.

ಆಕ್ಸಿಜನ್ ಮೇಲಿರುವ ಅಜ್ಜನಿಗೆ ರಾಗಿ ಗಂಜಿ ಕುಡಿಸುವುದನ್ನೇ ನೋಡಿ. ಮಾಸ್ಕ್ ಸರಿಸಿ ಎರಡು ಚಮಚ ಹಾಕುವಷ್ಟರಲ್ಲಿ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇ 92ರಿಂದ 84ಕ್ಕೆ ಬೀಳುತ್ತದೆ. ಮತ್ತೆ ಮಾಸ್ಕ್ ಹಾಕಿ, 90 ದಾಟುವವರೆಗೆ ಕಾದು, ಇನ್ನೆರಡು ಚಮಚ. ಒಂದು ಲೋಟಕ್ಕೆ ಅರ್ಧ ಗಂಟೆ. ಅಷ್ಟರಲ್ಲಿ ಆಚೆ ಹಾಸಿಗೆಯ ಮಾನಿಟರ್ ಬಡಿದುಕೊಳ್ಳುತ್ತದೆ. ಎರಡು ಜೊತೆ ಗ್ಲೌಸ್ ಹಾಕಿದ ಬೆರಳಿಗೆ ನರ ಸಿಗುವುದಿಲ್ಲ, ಗಾಗಲ್ಸ್ ತುಂಬ ಹಬೆ. ವೆಂಟಿಲೇಟರ್‌ನಲ್ಲಿರುವವರನ್ನು ಬೋರಲು ಮಲಗಿಸಬೇಕಾದರೆ ನಾಲ್ಕೈದು ಜನ ಬೇಕು. ಒಬ್ಬರು ತಲೆ ಮತ್ತು ಟ್ಯೂಬ್ ಬಿಟ್ಟು ಅಲುಗುವಂತಿಲ್ಲ.

ಕೈ ಸಾಲದಾಗ ಏನು ತಪ್ಪಿಹೋಗುತ್ತದೆ? ಇಂಜೆಕ್ಷನ್ ತಪ್ಪುವುದಿಲ್ಲ, ಅದಕ್ಕೆ ಚಾರ್ಟಿನಲ್ಲಿ ಸಹಿ ಇದೆ. ಬಾಯಿ ಶುಚಿ ಮಾಡುವುದು, ಬೆನ್ನು ನೋಡುವುದು, ಪಕ್ಕ ನಿಂತು ಎರಡು ಮಾತಾಡುವುದು ತಪ್ಪುತ್ತವೆ. ಅದರ ಲೆಕ್ಕ ಆಮೇಲೆ ಬೆನ್ನು ಹುಣ್ಣಾಗಿಯೋ ಹೊಸ ನ್ಯುಮೋನಿಯಾ ಆಗಿಯೋ ಬರುತ್ತದೆ. ಕೋವಿಡ್‌ಗೆ ಬಹಳ ಮೊದಲೇ, 2002ರಲ್ಲಿ, ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರ ಲೆಕ್ಕ ತೆಗೆದಿದ್ದರು. ನರ್ಸಿಗೆ ಒಬ್ಬ ರೋಗಿ ಹೆಚ್ಚಾದರೆ 30 ದಿನದೊಳಗಿನ ಸಾವಿನ ಸಂಭವ ಶೇ 7ರಷ್ಟು ಏರುತ್ತಿತ್ತು. ನರ್ಸ್ ಬಳಲಿ ಬೇಸತ್ತುಹೋಗುವ ಸಂಭವ ಶೇ 23ರಷ್ಟು, ಕೆಲಸದ ಅತೃಪ್ತಿಯದ್ದು ಶೇ 15ರಷ್ಟು. ಒತ್ತಡ, ತೃಪ್ತಿ, ಆರೈಕೆ ಇವನ್ನು ಮೂರು ಬೇರೆ ಬೇರೆ ಕಮಿಟಿಗಳಿಗೆ ಹಂಚುವ ನಮ್ಮ ಆಡಳಿತದವರು ಇದನ್ನೊಮ್ಮೆ ಓದಬೇಕು.

‘ಮೇಡಂ, ಕೆಲ್ಸ ಜಾಸ್ತಿ ಅಂತ ಅಲ್ಲ. 11ನೇ ಬೆಡ್ಡಿನ ಅಜ್ಜಿಗೆ ಇವತ್ತೂ ಬಾಯಿ ಕ್ಲೀನ್ ಮಾಡಕ್ಕಾಗ್ಲಿಲ್ಲ’ ಎಂದು ಡ್ಯೂಟಿ ಮುಗಿಸಿ ಬಂದ ಹುಡುಗಿಯೊಬ್ಬಳು ಹೇಳಿದ್ದಳು. ಮಾಡಬೇಕಾದ್ದು ಗೊತ್ತಿದ್ದೂ ಮಾಡಲಾಗದೆ ಮನೆಗೆ ಹೋಗುವವರಿಗೆ ಮಾರನೇ ದಿನ ಕಿಟ್ ಹಾಕುವುದೇ ಬೇಡವೆನಿಸುತ್ತದೆ. 2020ರ ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂ ಸುರಿಸಿದವು. ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇನ್ನು, ರಾತ್ರಿಯಿಡೀ ದುಡಿದು ಮಲಗಿದವರನ್ನು ಮಧ್ಯಾಹ್ನ ಎಬ್ಬಿಸಿ ಜೂಮ್‌ನಲ್ಲಿ ‘ಒತ್ತಡ ನಿರ್ವಹಣೆ’ ಕಲಿಸಿದವರ ಬಗ್ಗೆ ಏನೂ ಹೇಳದಿರುವುದೇ ವಾಸಿ.

ಕೆಲಸಕ್ಕೆ ಬಂದದ್ದು ಸಣ್ಣ ಏರ್ಪಾಡುಗಳು. ಕಿಟ್ ಒಳಗೆ ಆರು ಗಂಟೆಗಿಂತ ಹೆಚ್ಚು ಇರಿಸದಿರುವುದು, ತಂಡವನ್ನು ಪದೇ ಪದೇ ಒಡೆಯದಿರುವುದು, ಮುಂದಿನ ವಾರದ ಡ್ಯೂಟಿ ಮೊದಲೇ ತಿಳಿಸುವುದು. ಎಲ್ಲಕ್ಕಿಂತ ಉಪಕಾರವಾದದ್ದು ಹೊರಗೆ ಒಬ್ಬರನ್ನು ಫೋನಿಗೆಂದೇ ಕೂರಿಸಿ, ಗೊತ್ತುಮಾಡಿದ ಹೊತ್ತಿಗೆ ಮನೆಯವರಿಗೆ ವಿಡಿಯೊ ಕಾಲ್ ಮಾಡಿಸಿದ್ದು. ವಾರ್ಡಿನ ಫೋನು ಬಡಿದುಕೊಳ್ಳುವುದು ನಿಂತಿತು. ಸಿಸ್ಟರ್‌ಗಳಿಗೆ ರೋಗಿಯ ಹತ್ತಿರ ಹೋಗಲು ಪುರುಸೊತ್ತು ಸಿಕ್ಕಿತು.

ಈಗ ಮನೆಯವರು ವಾರ್ಡಿಗೆ ವಾಪಸಾಗಿದ್ದಾರೆ. ಹುದ್ದೆ ಕೇಳಿದರೆ ‘ಈಗ ನಡೀತಿದೆಯಲ್ಲ’ ಎಂಬ ಉತ್ತರ. ಅದಕ್ಕೇ ಹುದ್ದೆ ಕೇಳುವ ಪತ್ರದ ಜೊತೆ ನಾನೊಂದು ಪಟ್ಟಿ ಲಗತ್ತಿಸುತ್ತೇನೆ: ಒಂದು ಪಾಳಿಯಲ್ಲಿ ಊಟ ಮಾಡಿಸಿದ್ದು, ಮಗ್ಗುಲು ಬದಲಿಸಿದ್ದು, ಬೆಡ್‌ಪ್ಯಾನ್ ಕೊಟ್ಟದ್ದು ಎಷ್ಟು ಸಲ, ಅದರಲ್ಲಿ ನರ್ಸ್ ಮಾಡಿದ್ದೆಷ್ಟು, ಮನೆಯವರು ಮಾಡಿದ್ದೆಷ್ಟು. ಲೆಕ್ಕಪತ್ರದವರು ಮೊದಲ ಬಾರಿ ಎದುರು ಪ್ರಶ್ನೆ ಹಾಕಿದ್ದು ಆ ಪಟ್ಟಿ ನೋಡಿದ ಮೇಲೆಯೇ.