ಐನೂರು ಏರಿದರೂ ಮುಖ ಸಪ್ಪಗೆ ಯಾಕೆ?

ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಕಾಯುತ್ತಾ ಕೂತರೆ ಊರಿನ ಅರ್ಧ ಕಥೆ ಕಿವಿಗೆ ಬೀಳುತ್ತದೆ. ಮೊನ್ನೆ ಪಕ್ಕದ ಟೇಬಲ್ಲಿನಲ್ಲಿ ಬಟ್ಟೆ ಅಂಗಡಿಯ ಹುಡುಗನೊಬ್ಬ ಗೊಣಗುತ್ತಿದ್ದ. ಪಗಾರ ಐನೂರು ಏರಿದೆ, ಆದರೆ ಅವನ ನಂತರ ಸೇರಿದವನಿಗೆ ಸಾವಿರ ಏರಿದೆಯಂತೆ. "ಇಬ್ರಿಗೂ ಏರಿಸ್ದೇ ಇದ್ದಿದ್ರೂ ಬೇಜಾರಿರ್ಲಿಲ್ಲ ಕಣಲೇ" ಅಂದ.

ಇದು ಹೊಟ್ಟೆಕಿಚ್ಚು ಅನಿಸಬಹುದು. ಅಮೆರಿಕದ ಮನೋವಿಜ್ಞಾನಿ ಜಾನ್ ಸ್ಟೇಸಿ ಆಡಮ್ಸ್ 1963ರಲ್ಲೇ ಇದನ್ನು ಬೇರೆ ರೀತಿ ನೋಡಿದರು. ನಾನು ಎಷ್ಟು ದುಡಿದೆ, ಎಷ್ಟು ಸಿಕ್ಕಿತು ಅನ್ನೋ ಲೆಕ್ಕದ ಜೊತೆಗೇ ಪಕ್ಕದವನದನ್ನೂ ಹಾಕುತ್ತೇವೆ. ಎರಡೂ ತಾಳೆಯಾಗದಿದ್ದರೆ ಕೈ ನಿಧಾನವಾಗುತ್ತದೆ, ಇಲ್ಲವೇ ಕೆಲಸವನ್ನೇ ಬಿಡುತ್ತೇವೆ. ಹಾಗಂತ ಎಲ್ಲರಿಗೂ ಒಂದೇ ಕೂಲಿ ಬೇಕು ಅಂತಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಮುಂದೆ ನಿಂತು ಹುರಿಯುವವರಿಗೆ ಚೀಲ ಹೊಲಿಯುವವರಿಗಿಂತ ನಾಲ್ಕು ಕಾಸು ಜಾಸ್ತಿ ಕೊಟ್ಟರೆ ಯಾರು ತಕರಾರು ತೆಗೆದಾರು? ಆ ಬೆವರು ಎಲ್ಲರ ಕಣ್ಣಿಗೂ ಕಾಣುತ್ತದಲ್ವಾ.

ನನಗೆ ಇದಕ್ಕಿಂತ ಹಿಡಿಸಿದ್ದು ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ಒಂದು ಕಂಪನಿಗೆ ಆರ್ಡರ್ ಕಡಿಮೆಯಾಗಿ, ಎರಡು ಕಾರ್ಖಾನೆಗಳಲ್ಲಿ 10 ವಾರ ಸಂಬಳ ಶೇಕಡಾ 15ರಷ್ಟು ಕಡಿತವಾಯಿತು. ಒಂದರಲ್ಲಿ ಕಂಪನಿಯ ಮುಖ್ಯಸ್ಥರೇ ಬಂದು, ಯಾಕೆ ಹೀಗಾಯಿತು ಅಂತ ಲೆಕ್ಕ ಇಟ್ಟು, ಬೇಸರ ಹೇಳಿಕೊಂಡು, ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟರು. ಇನ್ನೊಂದರಲ್ಲಿ ಚುಟುಕಾಗಿ ಹೇಳಿ ಮುಗಿಸಿದರು. ಆಮೇಲೆ ಎರಡೂ ಕಡೆ ಸಾಮಾನು ಕಳವು ಹೆಚ್ಚಿತು, ಆದರೆ ಚುಟುಕು ಮಾತಿನ ಕಾರ್ಖಾನೆಯಲ್ಲಿ ಬಹಳ ಜಾಸ್ತಿ. ಪೂರ್ತಿ ಸಂಬಳ ಮತ್ತೆ ಶುರುವಾದಾಗ ಕಳವೂ ಇಳಿಯಿತು. ಕಡಿತ ಎರಡೂ ಕಡೆ ಅಷ್ಟೇ ಇತ್ತು, ಬೇರೆಯಾಗಿದ್ದು ಅದನ್ನು ಹೇಳಿದ ರೀತಿ.

ಸಾಹುಕಾರರು ಇದನ್ನೇ ಕಲಿತು ವರ್ಷಾವರ್ಷ "ಈ ಸಲ ಕಷ್ಟ ಐತಪ್ಪ" ಅಂತ ಸುಮ್ನೆ ನಯವಾಗಿ ಜಾರಿಕೊಳ್ಳಬಹುದು, ಅದು ಬೇರೆ ಮಾತು. ಒಳ್ಳೆ ಮಾತಿನಿಂದ ಬಟವಾಡೆಯ ಕವರ್ ದಪ್ಪವಾಗುವುದಿಲ್ಲ.

ಅಷ್ಟರಲ್ಲಿ ಆ ಹುಡುಗನ ಗೆಳೆಯ ಕೇಳಿದ: "ಯಾಕೆ ಅಂತ ಓನರ್‌ನ ಕೇಳಿದ್ಯೇನಲೇ?"

"ಕೇಳ್ದೆ. ಅವನ ಪಗಾರ ಕಟ್ಕೊಂಡು ನಿಂಗೇನಾಗ್ಬೇಕು ಅಂದ್ರು." ದೋಸೆ ಬಂದಿತ್ತು, ಇನ್ನೂ ಮುರಿದಿರಲಿಲ್ಲ.